ಅಡುಗೆಮನೆ ಬಾಗಿಲ ಬಳಿಯ ಟೈಲು

ಮನೆ ರಿಪೇರಿಗೆ ಏನೇನು ಆಗಬೇಕು ಎಂಬ ಪಟ್ಟಿ ಬರೆಯುವ ಕೆಲಸವನ್ನು ಅಪ್ಪ ನನಗೆ ವಹಿಸಿದ್ದು ಎರಡು ಸಾವಿರದ ನಾಲ್ಕರ ಜನವರಿಯಲ್ಲಿ. ಬಿ.ಎ. ಮುಗಿಸಿ ಮನೆಯಲ್ಲೇ ಇದ್ದೆ. ಅಮ್ಮ ತೀರಿಕೊಂಡ ಮೇಲೆ ಉಳಿದದ್ದು ಅಪ್ಪ, ಅಜ್ಜಿ, ನಾನು. "ಹೆಂಗೂ ದಿನಾ ಡೈರೀಲಿ ಏನೋ ಗೀಚ್ತಿರ್ತೀಯ, ಇದನ್ನೂ ಗೀಚು," ಎಂದು ಅಳತೆಯ ಟೇಪನ್ನು ಕೈಗೆ ಕೊಟ್ಟ.

ಮರ್ಫಿ ಟೌನಿನ ನಮ್ಮ ಮನೆ ರೈಲು ಡಬ್ಬಿಯ ಹಾಗೆ ಉದ್ದ. ಮುಂದೆ ಹಾಲು, ಹಿಂದೆ ಅಡುಗೆಮನೆ, ನಡುವೆ ಬೆಳಕು ಅಷ್ಟಾಗಿ ಬಾರದ ಪ್ಯಾಸೇಜು. ಅದರ ಗೋಡೆ ಅರ್ಧ ಹಳೆಯ ಗಾರೆಯದು. ತೇವ ಹಿಡಿದು ಒಂದು ಕಡೆ ಹೊಟ್ಟೆಯಂತೆ ಉಬ್ಬಿತ್ತು. ಇನ್ನರ್ಧ, ನನಗೊಂದು ಕೋಣೆ ಆಗಲೆಂದು ಅಪ್ಪ ನಿಲ್ಲಿಸಿದ್ದ ಜಿಪ್ಸಂ ಬೋರ್ಡು. ಅದರಲ್ಲಿ ಮುಷ್ಟಿಯಗಲದ ತೂತು.

ನಾನು ಡೈರಿಯಲ್ಲಿ ಬಣ್ಣ ಬಳಿಯತೊಡಗಿದೆ. ಹಾಲಿಗೆ ಬೆಳಗಿನ ಹಲಸೂರು ಕೆರೆಯ ಬೂದುನೀಲಿ. ಪ್ಯಾಸೇಜಿಗೆ ಎಳನೀರಿನ ಗಂಜಿಯ ಬಿಳುಪು. ಉಬ್ಬು ಕೆರೆದು ಹೊಸ ಗಾರೆ, ಬೋರ್ಡಿನ ತೂತಿಗೆ ತೇಪೆ, ಮೊಳೆಯ ಗುಂಡಿಗಳಿಗೆಲ್ಲ ಪುಟ್ಟಿ. ಇನ್ನೂ ಇಲ್ಲದ ಆ ಮನೆಯೊಳಗೆ ಎಷ್ಟೋ ದಿನ ಒಬ್ಬಳೇ ಓಡಾಡಿದೆ. ಅಲ್ಲಿ ಗೋಡೆಗಳು ಉಸಿರಾಡುತ್ತಿದ್ದವು, ಯಾರೂ ಮಾತಾಡುವಂತಿರಲಿಲ್ಲ.

ಒಂದು ಭಾನುವಾರ ಅಪ್ಪ ಮೊದಲ ಕೆಲಸವಾಗಿ ಮೊಳೆಗಳನ್ನೆಲ್ಲ ಕಿತ್ತ. ಮಾರನೆಯ ಬೆಳಗ್ಗೆ ಅಜ್ಜಿ ಎಂದಿನಂತೆ ನನಗೆ ಕಾಫಿ ತಂದಳು. ನಾನು ಹಾಲಿನಲ್ಲಿ, ಕ್ಯಾಲೆಂಡರ್ ಇದ್ದ ಜಾಗದ ಕೆಳಗೆ ಓದುತ್ತ ಕೂತಿದ್ದೆ. ಅಜ್ಜಿ ಗೋಡೆ ಸವರುತ್ತ ಬಂದು, ನನ್ನನ್ನು ದಾಟಿ, ಮೂಲೆಯವರೆಗೆ ಹೋಗಿ ನಿಂತು, ಗೋಡೆಗೆ ಲೋಟ ನೀಡಿದಳು.

"ತಗೋ ಕೂಸೇ, ಬಿಸಿ ಐತೆ."

ನಾನೆದ್ದು ಹೋಗಿ, ಆ ಕೈಗೂ ಗೋಡೆಗೂ ನಡುವೆ ನುಸುಳಿ ಲೋಟ ತೆಗೆದುಕೊಂಡೆ. ಅಜ್ಜಿಯ ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ಹಿಂದಿನ ವರ್ಷ ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಇಷ್ಟು ಬೇಗ ಪೂರ್ತಿ ಕತ್ತಲಾಗಿದೆ ಎಂಬುದು ನನಗೂ ಗೊತ್ತಿರಲಿಲ್ಲ.

"ಚಿನ್ನಪ್ಪಂಗೆ ಹೇಳ್ಬ್ಯಾಡ," ಎಂದಳು ಅಜ್ಜಿ. "ಗೊತ್ತಾದ್ರೆ ಒಲೆ ಹತ್ರಕ್ಕೆ ಬಿಡಲ್ಲ ನಿಮ್ಮಪ್ಪ. ಆಮೇಲೆ ನಾನು ಈ ಮನೇಲಿ ಕೂತ್ಕೊಂಡು ಏನ್ ಮಾಡ್ಲಿ?"

ಅಂದಿನಿಂದ ಅವಳು ಒಲೆ ಹಚ್ಚುವಾಗ ನಾನು ಡೈರಿ ಹಿಡಿದು ಅಡುಗೆಮನೆಯಲ್ಲೇ ಕೂರತೊಡಗಿದೆ. ಒಂದು ಮಧ್ಯಾಹ್ನ ಕಣ್ಣು ಮುಚ್ಚಿ, ಗೋಡೆಗೆ ಕೈಯಿಟ್ಟು, ಅವಳ ದಾರಿಯಲ್ಲಿ ನಡೆದೆ. ಅಡುಗೆಮನೆ ಬಾಗಿಲು ಬಿಟ್ಟೊಡನೆ ಗಾರೆಯ ಉಬ್ಬು. ಆಮೇಲೆ ಬೋರ್ಡಿನ ತೂತು. ಅದರೊಳಗಿಂದ ನನ್ನ ಕೋಣೆಯ ತಂಪು ಬೆರಳಿಗೆ ತಾಗುತ್ತಿತ್ತು. ಕೊನೆಗೆ ಸಿಗಬೇಕಿದ್ದದ್ದು ಕ್ಯಾಲೆಂಡರಿನ ಮೊಳೆ, ಅದರ ಕೆಳಗೆ ನಾನು; ಅದು ಸಿಗದೆಯೇ ಅಜ್ಜಿ ಅಂದು ನನ್ನನ್ನು ದಾಟಿ ಹೋದದ್ದು. ಎಲ್ಲವೂ ನನ್ನ ಪಟ್ಟಿಯಲ್ಲಿದ್ದವು. ಅವಳ ದಾರಿಯನ್ನು ಅಳಿಸಬೇಕೆಂದು ದುಂಡಗಿನ ಅಕ್ಷರದಲ್ಲಿ ನಾನೇ ಬರೆದಿಟ್ಟಿದ್ದೆ.

ಪಟ್ಟಿ ಹರಿದು ಹೊಸದು ಬರೆದೆ. ತೇವ ತಡೆಯಲು ಪ್ಯಾಸೇಜಿನುದ್ದಕ್ಕೂ, ಹಾಲಿನ ನನ್ನ ಜಾಗದವರೆಗೂ ನಾಲ್ಕಡಿ ಎತ್ತರ ಟೈಲ್ಸ್. ನಡುವೆ ಉಬ್ಬಿದ ಹೂಬಳ್ಳಿಯ ಬಾರ್ಡರು, ನೆಲದಿಂದ ಎರಡಡಿ ಒಂಬತ್ತಂಗುಲಕ್ಕೆ. ಅಜ್ಜಿಯನ್ನು ಗೋಡೆಯ ಪಕ್ಕ ನಿಲ್ಲಿಸಿ, ಅಂಗೈ ತಾಗುವಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದೆ.

ಶಿವಾಜಿನಗರದಿಂದ ಟೈಲ್ಸ್ ಕೆಲಸದ ಅಹ್ಮದ್ ಪಾಷಾ ಬಂದರು. ಬೋರ್ಡನ್ನು ಒಮ್ಮೆ ಒತ್ತಿ ನೋಡಿ, ಇದಕ್ಕೆ ತೇಪೆ ನಿಲ್ಲುವುದಿಲ್ಲ, ಕಿತ್ತು ಇಟ್ಟಿಗೆ ಕಟ್ಟುವುದೇ ಮೇಲು ಎಂದರು. ಅಪ್ಪ ಒಪ್ಪಿದ. ಬಾರ್ಡರಿನ ಅಳತೆ ಓದಿದಾಗ ಮಾತ್ರ ಅವರಿಗೆ ನಗು ಬಂತು.

"ಬಾರ್ಡರ್ ಮೇಲ್ಗಡೆ ಬರ್ಬೇಕು ಮೇಡಂ. ಇದು ಗೋಡೆಗೆ ಬೆಲ್ಟ್ ಕಟ್ದಂಗೆ ಆಗ್ತದೆ."

ಯಾಕಷ್ಟು ಕೆಳಗೆ ಎಂದು ಅಪ್ಪನೂ ಕೇಳಿದ. ಚೆನ್ನಾಗಿರುತ್ತೆ ಎಂದಷ್ಟೇ ಹೇಳಿ ತಲೆ ತಗ್ಗಿಸಿದೆ. ಅಪ್ಪ ಪೆನ್ಸಿಲ್ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ, ಅವಳು ಬರೆದ ಹಾಗೇ ಮಾಡಿ ಎಂದ.

ಗೋಡೆ ಮುಗಿದು ಎರಡು ದಿನಕ್ಕೆ ಪಾಷಾ ಒಂದೊಂದೇ ಟೈಲನ್ನು ಕರಣೆಯ ಹಿಡಿಯಿಂದ ತಟ್ಟುತ್ತ ಬಂದರು. ಹಿಂದೆ ಸಿಮೆಂಟು ತುಂಬದಿದ್ದರೆ ಸದ್ದು ಪೊಳ್ಳಾಗಿ ಬರುತ್ತದಂತೆ. ಅಂಥದ್ದನ್ನು ಕಿತ್ತು ಮತ್ತೆ ಕೂರಿಸದೆ ಹೋಗುವವನು ಕೆಲಸಗಾರನೇ ಅಲ್ಲವಂತೆ. ಅಜ್ಜಿ ಮುಂದಿನ ಹಾಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಟಕ್, ಟಕ್ ಎಂದು ಸದ್ದು ಅಡುಗೆಮನೆಯತ್ತ ನಡೆದು ಹೋಯಿತು.

"ಈಗ ತಟ್ದ್ಯಲ್ಲ, ಅದು ಪೊಳ್ಳು ಕಣಪ್ಪ," ಎಂದಳು ಅಜ್ಜಿ ಇದ್ದಲ್ಲಿಂದಲೇ.

ಪಾಷಾ ಮತ್ತೆ ತಟ್ಟಿದರು. ಹೌದು, ಪೊಳ್ಳು. ಇಪ್ಪತ್ತು ವರ್ಷದ ತಮ್ಮ ಕಿವಿಗೇ ತಪ್ಪಿತಲ್ಲ ಎಂದು ಅವರಿಗೆ ಬೆರಗು. "ಅಲ್ಲಿಂದ ಹೆಂಗೆ ನೋಡ್ಬಿಟ್ರಿ ಅಜ್ಜಿ?"

"ನೋಡೋದೇನೈತೆ..." ಎಂದು ಶುರು ಮಾಡಿದ ಅಜ್ಜಿ ಅಲ್ಲಿಗೇ ನಿಲ್ಲಿಸಿದಳು. ಅವರೆಕಾಯಿಯ ಮೇಲೆ ಬೆರಳು ನಿಂತಿತು.

ಅಪ್ಪ ಬೀದಿ ಬಾಗಿಲಲ್ಲಿ ನಿಂತಿದ್ದ. ಅಜ್ಜಿಯ ಮುಖ ಗೋಡೆಯ ಕಡೆಗಿರಲಿಲ್ಲ, ಬೀದಿಯ ಕಡೆಗಿತ್ತು. ಅವನು ಆ ಮುಖ ನೋಡಿದ, ಹೂಬಳ್ಳಿಯ ಮೇಲೆ ಒಮ್ಮೆ ಕೈಯಾಡಿಸಿದ, ಪಾಷಾ ಬಳಿಗೆ ಹೋಗಿ ತಾನೂ ಆ ಟೈಲನ್ನು ತಟ್ಟಿದ. ಬಳ್ಳಿಯ ಕೊನೆಯ ಟೈಲು ಅದು, ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ತಾಗಿದಂತೆ. ಪಾಷಾ ಉಳಿ ಎತ್ತಿಕೊಂಡರು.

"ಬಿಡಿ ಪಾಷಾ. ಅದು ಹಂಗೇ ಇರ್ಲಿ."

"ಪೊಳ್ಳು ಬಿಟ್ಟು ಹೋದ್ರೆ ನನ್ ಹೆಸ್ರು ಹೋಗ್ತದೆ ಸಾರ್."

"ಹೋಗಲ್ಲ ಬಿಡ್ರೀ. ಯಾರಾದ್ರೂ ಕೇಳಿದ್ರೆ ನಾನೇ ಬೇಡ ಅಂದಿದ್ದು ಅಂತೀನಿ."

ಆಮೇಲೆ ನನ್ನ ಹತ್ತಿರ ಬಂದು, ಅಜ್ಜಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದ: "ಒಲೆ ಹಚ್ಚೋವಾಗ ನೀನು ಪಕ್ಕದಲ್ಲೇ ಇರ್ತೀಯಲ್ಲ?"

"ಇರ್ತೀನಪ್ಪ," ಎಂದೆ.

ಟೈಲ್ಸಿನ ಮೇಲ್ಗಡೆ ಗೋಡೆಗೆ ಬಳಿದ ಎಳನೀರಿನ ಬಿಳುಪು ಒಣಗಿದ ಮಾರನೆಯ ಬೆಳಗ್ಗೆ ಅಜ್ಜಿ ಹಾಲಿನಿಂದ ಹೊರಟಳು. ಬೆರಳುಗಳು ಎಲೆಯಿಂದ ಹೂವಿಗೆ, ಹೂವಿನಿಂದ ಎಲೆಗೆ ಹರಿದವು. ಬಳ್ಳಿ ಮುಗಿದಲ್ಲಿ ನಿಂತು ಗೆಣ್ಣಿನಿಂದ ಒಮ್ಮೆ ತಟ್ಟಿದಳು. ಪೊಳ್ಳು ಸದ್ದು ಬಂತು. ಅಡುಗೆಮನೆಗೆ ತಿರುಗಿದಳು. ನಾನು ಡೈರಿ ಎತ್ತಿಕೊಂಡು ಹಿಂದೆಯೇ ಹೋದೆ.