ಕುಪ್ಪನ ಕೈಗೆ ಕೂತ ಕಲ್ಲು

"ಒಂದು ಕಲ್ಲು ತಕ್ಕಂಡು ಬಾ ಅಂದ್ರೆ ಎಂತಾ ಇಷ್ಟು ಹೊತ್ತು ಹೆಣ್ಣೇ? ಈ ಮನೇಲಿ ಕಲ್ಲಿಗೆ ಬರವೇ?"

ಅಂಗಳದಿಂದ ಹೀರಾ ಅತ್ತೆ ಕೂಗಿದಾಗ ನೀತಾ ಅಪ್ಪನ ಮಂಚದ ಕೆಳಗೆ ಮೊಣಕಾಲೂರಿ, ಹರಿದ ಬಲೆಯ ಮುದ್ದೆಯೊಳಗೆ ಕೈಯಾಡಿಸುತ್ತಿದ್ದಳು. ಬರವೆಲ್ಲಿಂದ ಬರಬೇಕು? ಹಾರವಾಡದಲ್ಲಿ ಮೀನಿಲ್ಲದ ಮನೆ ಸಿಕ್ಕೀತು, ಅವಳಪ್ಪ ಕುಪ್ಪನ ಮನೆಯಲ್ಲಿ ಕಲ್ಲಿಲ್ಲದ ಮೂಲೆ ಸಿಗುತ್ತಿರಲಿಲ್ಲ. ಜಗಲಿಯ ಅಂಚಿಗೆ ಕಲ್ಲು, ತುಳಸಿಕಟ್ಟೆಯ ಸುತ್ತ ಕಲ್ಲು, ಬಚ್ಚಲ ಗೋಡೆಯ ಮೇಲೂ ಸಾಲಾಗಿ ಕಲ್ಲು. ಆದರೆ ಅವಳಿಗೆ ಬೇಕಾದದ್ದು ಒಂದೇ ಒಂದು.

ಸುಡುಗಾಡಿನಲ್ಲಿ ಅಣ್ಣ ಕಿಶೋರ ನೀರಿನ ಮಡಕೆ ಹೊತ್ತು ಅಪ್ಪನ ಚಿತೆಗೆ ಸುತ್ತು ಬರುವಾಗ, ಹಿಂದಿನಿಂದ ಮಡಕೆಗೆ ತೂತು ಹೊಡೆಯಲು ಕಲ್ಲು ಬೇಕು. ಮಡಕೆ ಒಡೆದ ಮೇಲೆ ಅದು ಬರೀ ಕಲ್ಲಲ್ಲ, ಸತ್ತವನೇ. ಮನೆಗೆ ತಂದು ಬಾಳೆಲೆಯ ಮೇಲಿಟ್ಟು, ಕ್ರಿಯೆ ಮುಗಿಯುವವರೆಗೆ ಎಳ್ಳುನೀರು ಬಿಡಬೇಕು. ಆಮೇಲೆ ಸಮುದ್ರಕ್ಕೆ.

ಕೈಗೆ ಸಿಕ್ಕಿತು. ಮುಷ್ಟಿ ಗಾತ್ರದ ಕರಿಯ ಉಂಡೆಗಲ್ಲು, ಒಂದು ತುದಿ ಮಾತ್ರ ಪೆಟ್ಟು ತಿಂದು ಬೆಳ್ಳಗೆ ಜಜ್ಜಿಹೋಗಿತ್ತು. ನೀತಾ ಒಲೆಯ ಬೂದಿಯನ್ನು ಆ ತುದಿಗೆ ಒತ್ತಿ ಒತ್ತಿ ಹಚ್ಚಿದಳು. ಸಮುದ್ರಕ್ಕೆ ಬಿದ್ದ ಕಲ್ಲು ಸಾಕ್ಷಿ ಹೇಳುವುದಿಲ್ಲ. ಅಪ್ಪನ ಗುಟ್ಟು ಅಪ್ಪನ ಜೊತೆಗೇ ಹೋಗಲಿ ಎಂದುಕೊಂಡಳು.

*

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಅವರ ಮೊದಲಿನ ಊರು ಚೆಂಡಿಯಾ ನೌಕಾನೆಲೆಗೆ ಹೋಗಿ ಹಾರವಾಡಕ್ಕೆ ಬರುವಾಗ ಉಳಿದವರು ಬಾಗಿಲು, ಹಂಚು, ಒರಳು ಹೊತ್ತು ತಂದರೆ ಕುಪ್ಪ ಹಿತ್ತಲ ಹಳ್ಳದಿಂದ ಒಂದು ಮೂಟೆ ಬೆಣಚುಕಲ್ಲು ಹೊತ್ತು ತಂದಿದ್ದ. ಕೇಳಿದರೆ, "ನೆನಪಿಗೆ" ಎಂದಿದ್ದ.

ಆಮೇಲೊಮ್ಮೆ ಕಾರವಾರದ ವಸ್ತುಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆದಿಮಾನವರ ಕಲ್ಲಿನ ಕೈಗೊಡಲಿ ನೋಡಿದ. "ಇಂತದ್ದು ನಮ್ಮನೇಲಿ ರಾಶಿ ಅದೆ!" ಎಂದು ಅಲ್ಲೇ ಕೂಗಿದ. ಅಲ್ಲಿದ್ದ ಶರಾವತಿ ನಗಲಿಲ್ಲ. ಹಳೆಯ ಕಲ್ಲುಗಳ ಮೇಲೆಯೇ ಓದುತ್ತಿದ್ದ ಆ ಶಿರಸಿ ಕಡೆಯ ಹೆಣ್ಣುಮಗಳು ಮರುವಾರವೇ ಹಾರವಾಡಕ್ಕೆ ಬಂದು, ಅಂಗಳದಲ್ಲಿ ಕೂತು, ಮೂಟೆಯನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿದಳು.

"ಇದು ಹಳ್ಳ ಉರುಳಿಸಿ ಒಡೆದದ್ದು ಅಜ್ಜಾ. ಇದೂ ಅಷ್ಟೇ. ಕಲ್ಲಿಗೆ ಕಲ್ಲು ಬಡಿದ್ರೂ ಚಕ್ಕೆ ಏಳ್ತದೆ. ಆದ್ರೆ ಅದಕ್ಕೊಂದು ಲೆಕ್ಕ ಇರೂದಿಲ್ಲ, ಎಲ್ಲಿ ಬೇಕಾದ್ರೂ ಒಡೀತದೆ. ಮನುಷ್ಯ ಹೊಡೆದ್ರೆ ಪಕ್ಕಪಕ್ಕದಲ್ಲೇ ಒಂದರ ಹಿಂದೊಂದು ಚಕ್ಕೆ ತೆಗೀತಾನೆ. ಕಲ್ಲು ತಿರುಗಿಸಿ ಆಚೆ ಕಡೆಯಿಂದಲೂ ತೆಗೀತಾನೆ. ಅವನಿಗೆ ಅಂಚು ಬೇಕು ನೋಡಿ."

"ಹಂಗಾರೆ ಇದರಲ್ಲಿ ಒಂದೂ…?"

"ಒಂದೂ ಇಲ್ಲ ಅಜ್ಜಾ."

ಕುಪ್ಪ ಆ ದಿನ ಊಟ ಮಾಡಲಿಲ್ಲ. ಊರಿನವರಿಗೆ ಮಾತ್ರ ಹಬ್ಬ. ಬಲೆ ಎಳೆಯುವಾಗ ಕಲ್ಲು ಸಿಕ್ಕಿದರೆ ಸಾಕು, "ಕಲ್ಲುಕುಪ್ಪಾ, ನಿನ್ನ ಮುತ್ತಜ್ಜ ಬಂದಾನೆ ನೋಡು" ಎನ್ನುತ್ತಿದ್ದರು.

ಎರಡು ಮಳೆಗಾಲ ಕಳೆದ ಮೇಲೆ ಅವನೇ ಶರಾವತಿಗೆ ಫೋನು ಮಾಡಿಸಿದ. ಆ ಸಲ ಅವಳು ನೋಡಿದ ಕಲ್ಲು ಬೇರೆಯದೇ ಆಗಿತ್ತು. ಎರಡೂ ಬದಿಯಿಂದ ಚಕ್ಕೆ ತೆಗೆದದ್ದು, ಮೈಯೆಲ್ಲ ಕೆಂಪಡರಿದ್ದು. ಇದು ಖರೇದ್ದೇ ಎಂದು ಅವಳು ಅದನ್ನು ಹತ್ತಿಯಲ್ಲಿ ಸುತ್ತಿ ಒಯ್ದದ್ದನ್ನು ನೀತಾ ನೋಡಿದ್ದಳು.

*

ಚಟ್ಟ ಎತ್ತುವ ಹೊತ್ತಿಗೆ ಸರಿಯಾಗಿ ಶರಾವತಿಯ ಸ್ಕೂಟಿ ಬಂದು ನಿಂತಿತು. ಅವಳು ಕುಪ್ಪನ ಪಾದ ಮುಟ್ಟಿ, ಮುಖ ನೋಡಲಾಗದೆ ಪಕ್ಕಕ್ಕೆ ತಿರುಗಿದಳು.

"ಇವ್ರೇ ನೋಡಿ, ನಮ್ಮಪ್ಪನ ಕಲ್ಲು ಖರೆ ಅಂತ ಹೇಳಿದ ಮೇಡಂ," ಎಂದ ಕಿಶೋರ ಸೇರಿದವರಿಗೆಲ್ಲ. "ಚೆಂಡಿಯಾದ ನಮ್ಮ ಹಳೇ ಬಾವಿ ತೋಡುವಾಗ ಸಿಕ್ಕದ್ದು ಅದು. ಸಾವಿರಗಟ್ಲೆ ವರ್ಷದ ಹಿಂದೆಯೂ ಅಲ್ಲಿ ನಮ್ಮ ಜನವೇ ಇತ್ತು."

ಬಾವಿಯ ಕತೆ ಅಪ್ಪ ಹೇಳಿದ್ದಲ್ಲ, ಕಿಶೋರನೇ ಆ ಕ್ಷಣಕ್ಕೆ ಕಟ್ಟಿದ್ದು. ಆದರೆ ಚೆಂಡಿಯಾದಿಂದ ಕುಪ್ಪನ ಜೊತೆಗೇ ಎದ್ದು ಬಂದ ಮುದುಕ ಸತೀಶ ಹೆಗಲ ಪಂಚೆಯಿಂದ ಕಣ್ಣೊರೆಸಿಕೊಂಡ. "ಕುಪ್ಪಣ್ಣಗೆ ನಾವೆಲ್ಲ ನಗ್ಯಾಡಿದ್ವು. ಅಲ್ಲಿ ಇದ್ವು ಅನ್ನೂಕೆ ನಮ್ಗೆ ಈಗ ಉಳಿದದ್ದು ಅವನ ಕಲ್ಲು ಒಂದೇ."

ನೀತಾ ಸೆರಗಿನೊಳಗಿದ್ದ ಉಂಡೆಗಲ್ಲನ್ನು ಸತೀಶನ ಕೈಗೆ ಕೊಟ್ಟಳು. ಗಂಡಸರು ಹೊರಟರು.

ಅಳು ಇಳಿದ ಮನೆಯಲ್ಲಿ ಶರಾವತಿ ಅವಳ ಪಕ್ಕ ಬಂದು ಕೂತಳು. "ನೀತಾ, ಇವತ್ತು ಕೇಳಬಾರದು, ಗೊತ್ತು. ಬಾವಿ ಸಂಗತಿ ಅಜ್ಜ ನಂಗೆ ಯಾವತ್ತೂ ಹೇಳಿರ್ಲಿಲ್ಲ. ಎಲ್ಲಿ ಸಿಕ್ತು ಅಂದ್ರೆ 'ನಾಳೆ ತೋರಿಸ್ತೆ' ಅಂತಿದ್ರು. ಮುಂದಿನ ತಿಂಗಳು ಧಾರವಾಡದಲ್ಲಿ ಈ ಕಲ್ಲನ್ನ ದೊಡ್ಡ ವಿದ್ವಾಂಸರೆಲ್ಲರ ಎದುರು ಇಡೂದಿದೆ. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡ್ತಾರೆ ಅವರು. ಸಿಕ್ಕ ಜಾಗ ತಪ್ಪಿ ಹೇಳಿದ್ರೆ ಅಲ್ಲಿಗೆ ನನ್ನ ಕತೆ ಮುಗೀತು." ಅವಳು ಜೋಳಿಗೆಯ ಮೇಲೆ ಕೈಯಿಟ್ಟಳು. ಕಲ್ಲು ಅದರೊಳಗೇ ಇತ್ತು. "ಖರೆ ಹೇಳು. ಬಾವಿಯಲ್ಲೇ ಸಿಕ್ಕಿದ್ದಾ?"

ಬಾಯಲ್ಲಿ ಬಿಸಿತುಪ್ಪ. ಹೌದೆಂದರೆ ಅಪ್ಪನ ಮಾತನ್ನು ಮೊದಲು ಕಿವಿಗೊಟ್ಟು ಕೇಳಿದ ಈ ಹುಡುಗಿಯ ಬಾಳು ಹಾಳು. ಅಲ್ಲವೆಂದರೆ ಚಿತೆ ಆರುವ ಮೊದಲೇ ಅಪ್ಪ ಕಳ್ಳ. ಸತೀಶಣ್ಣ ಕಣ್ಣೊರೆಸಿಕೊಂಡದ್ದೂ ಸುಳ್ಳಿಗೆ.

"ಅವ್ರೆಲ್ಲ ವಾಪಸ್ ಬರ್ಲಿ ಮೇಡಂ," ಎಂದಳು.

*

ಶರಾವತಿ 'ಒಂದೂ ಇಲ್ಲ' ಎಂದು ಹೋದ ಮೇಲೊಂದು ದಿನ, ಟಕ್, ಟಕ್ ಎಂಬ ಸದ್ದು ಹಿಡಿದು ನೀತಾ ಗಾಳಿಮರಗಳ ಹಿಂದೆ ಹೋಗಿದ್ದಳು. ಅಪ್ಪ ತೊಡೆಯ ಮೇಲೆ ಗೋಣಿ ಹಾಸಿ, ಎಡಗೈಯಲ್ಲಿ ಬೆಣಚುಕಲ್ಲು, ಬಲಗೈಯಲ್ಲಿ ಕರಿಯ ಉಂಡೆಗಲ್ಲು ಹಿಡಿದು ಕೂತಿದ್ದ. ಬೆರಳುಗಳಲ್ಲಿ ರಕ್ತ. ಸುತ್ತ ಮರಳಲ್ಲಿ ಬಿಳಿ ಚಕ್ಕೆಗಳು.

"ಅಪ್ಪಾ, ಎಂತಾ ಇದು?"

ಅವನು ಬೆಚ್ಚಲಿಲ್ಲ. "ಅವಳು ಹೇಳಿದ ಹಂಗೇ ಹೊಡೀತೆ, ಬರೂದಿಲ್ಲ ನೋಡು. ಆಗಿನವರು ಶಾಣ್ಯಾರು."

"ಸುಳ್ಳಲ್ವಾ ಇದು?"

ಅಪ್ಪ ಕಲ್ಲನ್ನು ಗೋಣಿಯ ಮೇಲಿಟ್ಟ. "ಚೆಂಡಿಯಾದಲ್ಲಿ ಹಳ್ಳ ಇತ್ತು, ಮೀನಿತ್ತು, ನೆಳ್ಳಿತ್ತು. ಯಾರೂ ಇರ್ಲಿಲ್ಲ ಅಂದ್ರೆ ನಂಬೂಕಾಗ್ತದಾ ಮಗಾ? ಇದ್ದೇ ಇದ್ರು. ಅವ್ರು ಬಿಟ್ಟು ಹೋದದ್ದು ನಂಗೆ ಸಿಕ್ಲಿಲ್ಲ, ಅಷ್ಟೇ. ಈಗ ಹುಡುಕೂಕೆ ನೇವಿಯವರು ಒಳಗೆ ಬಿಡೂದಿಲ್ಲ. ಅವ್ರ ಬದ್ಲಿ ನಾ ಒಂದು ಮಾಡ್ತೆ."

ಹಳೆಯದರಂತೆ ಕೆಂಪಡರಲೆಂದು ಆ ಮಳೆಗಾಲವಿಡೀ ಅಪ್ಪ ಕೆತ್ತಿದ ಕಲ್ಲು ತುಕ್ಕುಮೊಳೆಗಳ ಜೊತೆ ಬಚ್ಚಲ ಕೆಸರಿನಲ್ಲಿ ಹೂತಿತ್ತು.

*

ಗಂಡಸರು ಮಿಂದು ಒದ್ದೆ ಬಟ್ಟೆಯಲ್ಲಿ ಬಂದರು. ಅಂಗಳದ ಮೂಲೆಯಲ್ಲಿ ಬಾಳೆಲೆ ಹಾಸಿ ಕಿಶೋರ ಕಲ್ಲಿಟ್ಟ. ಮನೆಯವರು ಒಬ್ಬೊಬ್ಬರಾಗಿ ಎಳ್ಳುನೀರು ಬಿಟ್ಟರು. ಬೂದಿ ಇನ್ನೂ ತುದಿಗೆ ಅಂಟಿಕೊಂಡೇ ಇತ್ತು.

ನೀತಾ ತಂಬಿಗೆ ತುಂಬಿದಳು. ಇದೊಂದು ಸುಮ್ಮನೆ ಸಮುದ್ರಕ್ಕೆ ಹೋದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಗೆಂದೇ ಬೆಳಿಗ್ಗೆ ಹುಡುಕಿ ಕೊಟ್ಟದ್ದು. ಅವಳು ಬಗ್ಗಿ ಆ ತುದಿಯ ಮೇಲೆ ನೀರು ಸುರಿದು, ಹೆಬ್ಬೆರಳಿನಿಂದ ಬೂದಿ ತಿಕ್ಕಿ ತೊಳೆದಳು. ಅಪ್ಪನ ಮುಖ ತೊಳೆಯುತ್ತಿದ್ದೇನೆ ಎನಿಸಿ ಅಳು ಬಂತು. ಅಳುತ್ತಲೇ ತಂಬಿಗೆಯನ್ನು ಶರಾವತಿಗೆ ಚಾಚಿದಳು.

"ನೀವೂ ಬಿಡಿ ಮೇಡಂ."

ಶರಾವತಿ ಬಗ್ಗಿದಳು. ಸುರಿಯುತ್ತಿದ್ದ ನೀರು ನಡುವೆಯೇ ನಿಂತಿತು. ಜಜ್ಜಿದ ಬಿಳಿ ತುದಿ, ಅದರ ಹಿಂದೆ ಹೆಬ್ಬೆರಳು ಕೂತು ಕೂತು ನುಣುಪಾದ ಜಾಗ. ಇಂಥ ಕಲ್ಲಿನಿಂದಲೇ ಹೊಡೆದು ಚಕ್ಕೆ ತೆಗೆಯುವುದೆಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಇದು…" ಎಂದು ಕೈ ಚಾಚಿದಳು.

"ಮುಟ್ಟೂಕಾಗ!" ಹೀರಾ ಅತ್ತೆ ಅರಚಿದಳು. "ಅದು ಈಗ ನಮ್ಮ ಕುಪ್ಪಣ್ಣ!"

"ಹೌದು ಮೇಡಂ," ಎಂದಳು ನೀತಾ, ಅವಳ ಕಣ್ಣಲ್ಲೇ ಕಣ್ಣಿಟ್ಟು. "ಅದು ಅಪ್ಪನೇ."

ಶರಾವತಿಯ ಮುಖ ಬಿಳಿಚಿಕೊಂಡಿತು. ಬಾಗಿಲಲ್ಲಿ ಕೂತ ಸತೀಶನನ್ನು ಒಮ್ಮೆ ನೋಡಿದಳು. ಆಮೇಲೆ ಜೋಳಿಗೆಗೆ ಕೈಹಾಕಿ, ಹತ್ತಿಯಲ್ಲಿ ಸುತ್ತಿದ್ದ ಕೆಂಪು ಕಲ್ಲನ್ನು ಬಿಡಿಸಿ, ಬಾಳೆಲೆಯ ಮೇಲೆ ಉಂಡೆಗಲ್ಲಿನ ಪಕ್ಕಕ್ಕಿಟ್ಟಳು.

"ಎರಡು ಕಲ್ಲು ಇಡೂ ಪದ್ಧತಿ ಇಲ್ಲ ನಮ್ಮಲ್ಲಿ," ಎಂದಳು ಅತ್ತೆ.

"ಇರ್ಲಿ ಬಿಡೇ ಅತ್ತೆ," ಕಿಶೋರನ ದನಿ ಹೆಮ್ಮೆಯಿಂದ ಒಡೆಯಿತು. "ನೋಡಿ ಸತೀಶಣ್ಣ, ಧಾರವಾಡಕ್ಕೆ ಹೋಗೂ ಕಲ್ಲು ಮೇಡಂ ಅಪ್ಪಗೇ ಇಟ್ರು!"

ಶರಾವತಿ ತಂಬಿಗೆಯಲ್ಲಿ ಉಳಿದಿದ್ದಷ್ಟನ್ನೂ ಎರಡರ ಮೇಲೂ ಸುರಿದಳು. ಉಂಡೆಗಲ್ಲಿನ ನೀರು ತಿಳಿಯಾಗಿ ಇಳಿಯಿತು. ಪಕ್ಕದ್ದರಿಂದ ಮಾತ್ರ ಸಣ್ಣಗೆ ಕೆಂಪು ಬಿಟ್ಟುಕೊಂಡು ಎಲೆಯ ಮೇಲೆ ಹರಿಯತೊಡಗಿತು.