ಪೂಜೆಯ ದಿನ ಏರಿಸಿದ ವೇಗ

ನಾನು ಒಂದು ಮೋಡೆಮ್. ಅಂಗೈಯಗಲದ ಬೂದು ಡಬ್ಬಿ, ಮುಂದೆ ಸಾಲಾಗಿ ಕೆಂಪು ದೀಪಗಳು. ಹುಟ್ಟಿದ್ದು ಯಾವ ಕಾರ್ಖಾನೆಯಲ್ಲೋ ಮರೆತಿದ್ದೇನೆ. ಅಲ್ಲಿ ಕಲಿತ ಕೂಗು ಮಾತ್ರ ನೆನಪಿದೆ. ಫೋನಿನ ತಂತಿಯ ಆ ತುದಿಯಲ್ಲಿರುವ ನನ್ನಂಥವನನ್ನು ಕೂಗಿ ಕರೆಯಬೇಕು. ಅವನು ಓಗೊಟ್ಟರೆ ಕಂಪ್ಯೂಟರ್ ಕೊಟ್ಟದ್ದನ್ನು ದಾಟಿಸಬೇಕು. ಅಷ್ಟೇ ನನ್ನ ವಿದ್ಯೆ. ಸುಮ್ಮನೆ ಕೂರುವುದೊಂದು ನನಗೆ ಬಾರದು.

ಗದಗಿನಲ್ಲಿ ಫೋನ್ ಅಂಗಡಿ ಇಟ್ಟಿದ್ದ ಶಾಂತವ್ವ ನನ್ನನ್ನು ಕೊಂಡಳು. ಆಯುಧಪೂಜೆಯ ದಿನ ಕಂಪ್ಯೂಟರಿನ ಬೆನ್ನಿಗಿದ್ದ ಸೀರಿಯಲ್ ಪೋರ್ಟಿಗೆ ಸಿಕ್ಕಿಸಿ, ನೆತ್ತಿಗೆ ಕುಂಕುಮವಿಟ್ಟು, ವೇಗದ ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದಳು. ಪೂಜೆಯ ದಿನ ಏರಿಸಿದ್ದನ್ನು ಮುಂದಿನ ಪೂಜೆಯವರೆಗೆ ಇಳಿಸಬಾರದು, ಇಳಿಸಿದರೆ ವ್ಯಾಪಾರವೂ ಇಳಿಯುತ್ತದೆ ಎಂದು ಅವಳ ನಂಬಿಕೆ. ನಮ್ಮ ಓಣಿಯ ತಂತಿಯೋ ಹಳೆಯದು, ಗಾಳಿ ಬೀಸಿದರೂ ಗೊರಗೊರ. ಆ ವೇಗವನ್ನು ಅದು ತಾಳುತ್ತಿರಲಿಲ್ಲ. ನಾನು ಹೇಳುವುದಾದರೂ ಯಾರಿಗೆ?

ಒಂದು ಸಂಜೆ ಬೆಟಗೇರಿಯ ನೇಕಾರ ತುಕಾರಾಮ ಹೊಸ ಸೆರಗಿನ ಚಿತ್ರ ಹಿಡಿದು ಬಂದ. ಸೊಲ್ಲಾಪುರದ ಸಾಹುಕಾರ ಅಂಗಡಿ ಮುಚ್ಚುವುದರೊಳಗೆ ಅದನ್ನು ನೋಡದಿದ್ದರೆ ಕೆಲಸ ಬೇರೆಯವರ ಪಾಲು. ತುಕಾರಾಮನ ಮಗ್ಗವೋ ದೀಪಾವಳಿಯಿಂದ ನಿಂತೇ ಇತ್ತು.

ಶಾಂತವ್ವ ಚಿತ್ರವನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ಸಂಪರ್ಕ ಅರ್ಧಕ್ಕೇ ಕಡಿಯಿತು. ಮತ್ತೆ ಕೂಗಿದೆ, ಮತ್ತೆ ಕಡಿಯಿತು. ನನ್ನ ದೀಪಗಳು ಪಟಪಟ ಬಡಿದುಕೊಂಡವು.

“ಶಾಂತಕ್ಕಾ, ಏನ್ರಿ ನಿಮ್ಮ ಡಬ್ಬಿ! ಕೋಳಿ ಹಂಗ ಕೂಗತೈತಿ, ತತ್ತಿ ಮಾತ್ರ ಇಡವಲ್ದು.”

“ಡಬ್ಬಿಗೇನೂ ಆಗಿಲ್ಲೋ ಮಾರಾಯಾ, ತಂತಿ ಸರಿ ಇಲ್ಲ. ವೇಗ ಇಳಿಸಿದ್ರ ಹೋದೀತು. ಪೂಜಿ ದಿನ ಏರಿಸಿದ್ದು, ಹೆಂಗ ಇಳಿಸ್ಲಿ?”

ತುಕಾರಾಮ ಗಡಿಯಾರ ನೋಡಿದ. “ನಮ್ಮ ಮಗ್ಗಕ್ಕೂ ಪೂಜಿ ಮಾಡ್ತೀವ್ರಿ. ನೂಲು ಹರಿಯಾಕ ಹತ್ತಿದ್ರ ಮೆಲ್ಲಕ ನಡಸ್ತೀವಿ. ಅದಕ್ಕ ದೇವ್ರು ಸಿಟ್ಟಾಗ್ಯಾನೇನು?”

ಶಾಂತವ್ವ ನನ್ನ ನೆತ್ತಿ ಮುಟ್ಟಿ, ಗಲ್ಲ ಗಲ್ಲ ಬಡಿದುಕೊಂಡು, ಸಣ್ಣ ಅಂಕಿಯೊಂದನ್ನು ಒತ್ತಿದಳು.

ಮತ್ತೆ ಕೂಗಿದೆ. ಸೆರಗು ಗೆರೆಗೆರೆಯಾಗಿ ಹೊರಟಿತು. ಓಡಬೇಕೆಂದು ಮೈಯೆಲ್ಲ ಚಡಪಡಿಸಿದರೂ ತಡೆದುಕೊಂಡೆ. ಕೊನೆಯ ಗೆರೆಯೂ ದಾಟಿತು. ಸ್ವಲ್ಪ ಹೊತ್ತಿಗೆ ಸೊಲ್ಲಾಪುರದಿಂದ ಫೋನ್ ಬಂತು.

“ನೇಯಿ ಅಂದ್ರು ಅಕ್ಕಾ!” ಎಂದ ತುಕಾರಾಮ, ಕಣ್ಣೊರೆಸಿಕೊಳ್ಳುತ್ತ.

ಕಾಲ ಸರಿದು ನನ್ನ ಜಾಗಕ್ಕೆ ಹೊಸ ಪೆಟ್ಟಿಗೆ ಬಂದಾಗ ಶಾಂತವ್ವ ನನ್ನನ್ನು ಗುಜರಿಗೆ ಹಾಕಲಿದ್ದಳು. ತುಕಾರಾಮ ಬೇಡಿ ಒಯ್ದ. ಈಗ ಅವನ ಮಗ್ಗದ ಪಕ್ಕದ ಗೂಡಿನಲ್ಲಿದ್ದೇನೆ. ತಂತಿಯಿಲ್ಲ, ದೀಪವಿಲ್ಲ. ಆಯುಧಪೂಜೆಗೆ ಮಗ್ಗದ ಜೊತೆ ನನಗೂ ಕುಂಕುಮ. ಆದರೂ ಲಾಳಿಯ ಸದ್ದು ತಟ್ಟನೆ ನಿಂತರೆ ಜೀವ ಹಾರುತ್ತದೆ, ಎಲ್ಲಿ ಕಡಿಯಿತೋ ಎಂದು. ಅವನು ಎಳೆ ಗಂಟು ಹಾಕಿ ಮೆಲ್ಲಗೆ ಶುರು ಮಾಡುತ್ತಾನೆ. ಆಮೇಲೆ ನನಗೆ ಸಮಾಧಾನ.