ಮಡಿ ಟಗರು

ಮೊಣಕಾಲು ನೋವು ಹೋದರೆ ಗವಿನರಸಪ್ಪನ ಧಾರೆಯ ಕೆಳಗೆ ಮಡಿಯಲ್ಲಿ ನಿಲ್ಲುತ್ತೇನೆಂದು ನಮ್ಮತ್ತೆ ವೆಂಕೂಬಾಯಿ ಹರಕೆ ಹೊತ್ತಿದ್ದರು. ಆಪರೇಷನ್ ಆಯಿತು, ನೋವು ಹೋಯಿತು. ಅದರ ಕೀರ್ತಿ ಡಾಕ್ಟರಿಗೆ ಸಿಗಲಿಲ್ಲ, ನರಸಪ್ಪನಿಗೆ ಸಿಕ್ಕಿತು. ಡಾಕ್ಟರು ಹೇಳಿದ್ದು ಒಂದೇ ಮಾತು: ಇನ್ನು ಬೀಳಬಾರದು.

ಕಾರ್ತಿಕದ ಶನಿವಾರ ಆದೋನಿಯಿಂದ ಹೊರಡುವಾಗ ನನ್ನ ಗಂಡ ಸೇತುಮಾಧವ ತಮ್ಮ ಮಫ್ಲರನ್ನು ನನ್ನ ಕುತ್ತಿಗೆಗೆ ಸುತ್ತಿ, "ನಿನಗ ನೆಗಡಿ ಅದ, ನೀರಿಗಿಳೀಬ್ಯಾಡ. ಅವ್ವನ ಕೈ ಮಾತ್ರ ಬಿಡಬ್ಯಾಡ" ಎಂದರು. ಈ ಎರಡೂ ಒಟ್ಟಿಗೆ ಆಗುವ ಕೆಲಸವಲ್ಲವೆಂದು ನನಗೆ ಆಗಲೇ ಅನ್ನಿಸಿತ್ತು.

ಕೌತಾಳಂವರೆಗೆ ಬಸ್ಸು, ಮುಂದೆ ಆಟೊ. ಗುಡ್ಡದ ಬುಡದಲ್ಲಿ ಗವಿ, ಗವಿಯ ಬಂಡೆಯಲ್ಲಿ ಕುಂಕುಮ ಮೆತ್ತಿದ ನರಸಿಂಹ. ಪಕ್ಕದ ಹಳೆಯ ಶಾಸನದ ಕಲ್ಲಿನ ಮೇಲೆ ಯಾರೋ ಪಂಚೆ ಒಣಹಾಕಿದ್ದರು. ಎದುರಿಗೆ ಹಳ್ಳ, ಹಳ್ಳದಾಚೆ ಧಾರೆ, ಅದರ ನೆತ್ತಿಯ ಬಂಡೆಗೆ ಜೇನುಹುಟ್ಟುಗಳು. ಬಂದವರೆಲ್ಲ ಧಾರೆ ನೋಡಿ ಕೈಮುಗಿಯುತ್ತಾರಂತೆ. ನಾನು ಮೊದಲು ನೋಡಿದ್ದು ಹಳ್ಳದ ಕಲ್ಲುಗಳ ಮೇಲಿನ ಪಾಚಿಯನ್ನು.

ಅತ್ತೆ ಗವಿಯ ಮುಂದಿನ ತೊಟ್ಟಿಯ ನೀರು ಸುರಿದುಕೊಂಡು, ಒಂದು ಬಾಳೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡು, ಒದ್ದೆ ಸೀರೆಯಲ್ಲೇ ಹಳ್ಳದ ಕಡೆ ನಡೆದರು. ನಾನು ಕೈ ಚಾಚಿದೆ.

"ಮುಟ್ಟಬ್ಯಾಡ. ನೀ ಬಸ್ಸಿನಾಗ ಕೋಳಿಬುಟ್ಟಿ ಪಕ್ಕ ಕೂತು ಬಂದೀ."

"ನೀವೂ ಅಲ್ಲೇ ಕೂತಿದ್ರಿ, ಅತ್ಯಾ."

"ನನ್ನ ಸ್ನಾನ ಆಗ್ಯದಲ್ಲ."

"ಹಂಗಾದ್ರ ನಾನೂ ಮಾಡ್ತೀನಿ."

"ನೆಗಡಿ ಹೋಗಿ ಜ್ವರ ಬಂದ್ರ ನನ್ನ ಮಗನ ಕೈಲಿ ಬೈಸಿಕೊಳ್ಳೋರು ಯಾರು?"

ಆಗ ನನಗೆ ಮಫ್ಲರ್ ಹೊಳೆಯಿತು. ಮಡಿಯ ಕಾನೂನಿನಲ್ಲಿ ಉಣ್ಣೆಗೆ ಮೈಲಿಗೆಯಿಲ್ಲ. ಒಂದು ತುದಿ ಅವರು, ಒಂದು ತುದಿ ನಾನು ಹಿಡಿದರೆ ಆಯಿತು. ಅತ್ತೆ ಒಪ್ಪಿದರು. ಆದರೆ ತುದಿಯಲ್ಲಿ ಹೊಲಿದ ಚೀಟಿ ಅವರ ಕಣ್ಣಿಗೆ ಬಿತ್ತು.

"ಏನು ಬರದಾರ?"

"ಅಕ್ರಿಲಿಕ್ ಅಂತ."

"ಅದು ಯಾವ ಊರ ಕುರಿ?"

"ಕುರಿಯಲ್ಲ, ಅತ್ಯಾ. ಪ್ಲಾಸ್ಟಿಕ್."

"ಪ್ಲಾಸ್ಟಿಕ್ ಕಟ್ಟಿ ಕಳಿಸ್ಯಾನ ನಿನ್ನ ಗಂಡ" ಎಂದರು ಅತ್ತೆ. ಅಲ್ಲಿಯವರೆಗೂ ಆತ ಅವರ ಮಗನಾಗಿದ್ದ.

ಕುರಿಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಬಂದಿದ್ದ ಉಚ್ಚೀರಪ್ಪನೆಂಬ ಕುರಿಗಾಹಿ ಇದನ್ನೆಲ್ಲ ಕೇಳುತ್ತ ದಡದಲ್ಲಿ ಕೂತಿದ್ದ.

"ಉಣ್ಣಿ ಬೇಕೇನ್ರಿ ಅಮ್ಮಾರೆ?"

"ಕಂಬಳಿ ಅದ ಏನಪಾ?"

"ಕಂಬಳಿ ಮನ್ಯಾಗ ಐತ್ರಿ. ಉಣ್ಣಿ ಇಲ್ಲೇ ನಿಂತೈತಿ." ಅವನು ತೋರಿಸಿದ್ದು ಒಂದು ಕರಿ ಟಗರನ್ನು.

ಅತ್ತೆ ಅಂಗಡಿಯಲ್ಲಿ ಸೀರೆ ನೋಡುವ ಹಾಗೆ ಅದರ ಬೆನ್ನಿನ ಒಂದು ಎಳೆ ಎಳೆದು ನೋಡಿದರು. "ಉಣ್ಣಿ ಖರೇನೇ ಅದ. ಸುಷಮಾ, ಆ ಕಡೆ ನೀ ಹಿಡಿ. ಕೊಂಬು ಮಾತ್ರ ಮುಟ್ಟಬ್ಯಾಡ."

"ಇದು ಗುದ್ದತದೇನಪ್ಪಾ?" ಎಂದು ನಾನು ಕೇಳಿದೆ.

"ಇಲ್ರಿ. ಗುರ್ತಿನವರಿಗೆ ಅಷ್ಟ ಗುದ್ದತೈತಿ."

"ಹಂಗಾದ್ರ ಸುಮ್ಮನಿರು, ಅದರ ಮುಂದ ನಮ್ಮ ಹೆಸರು ಹೇಳಬ್ಯಾಡ" ಎಂದರು ಅತ್ತೆ.

ಅತ್ತೆ ನೀರಿನಲ್ಲೇ ಒಂದು ಮಗ್ಗುಲು, ನಾನು ಕಲ್ಲಿನಿಂದ ಕಲ್ಲಿಗೆ ಇನ್ನೊಂದು ಮಗ್ಗುಲು, ನಡುವೆ ಟಗರು. ನಡು ಹಳ್ಳದಲ್ಲಿ ಅದು ನಿಂತುಬಿಟ್ಟಿತು. ಉಚ್ಚೀರಪ್ಪ ದಡದಿಂದ ಹುರ್ರ ಎಂದರೂ ಕದಲಲಿಲ್ಲ.

"ಸೆರಗಿನಾಗಿನ ಬಾಳೆಹಣ್ಣು ಮೂಸಾಕತ್ತೈತ್ರಿ. ಕೊಟ್ಟುಬಿಡ್ರಿ."

"ಅದು ದೇವರ ನೈವೇದ್ಯ."

ಆಪರೇಷನ್ ಆದ ಕಾಲನ್ನು ಅತ್ತೆ ನೀರಿನಿಂದ ಎತ್ತಿ ಎತ್ತಿ ಇಡುತ್ತಿದ್ದರು. "ಅತ್ಯಾ, ತಿರುಗಿ ಹೋಗೋಣ" ಎಂದೆ. ಅವರು ಧಾರೆಯನ್ನೊಮ್ಮೆ, ಟಗರನ್ನೊಮ್ಮೆ ನೋಡಿದರು.

"ಇದರೊಳಗೂ ಅವನೇ ಇದ್ದಾನ" ಎಂದು ಕಣ್ಣು ಮುಚ್ಚಿ, ಮಂತ್ರ ಹೇಳಿ, ಹಣ್ಣನ್ನು ಅದರ ಬಾಯಿಗಿಟ್ಟರು.

ಟಗರು ಸಿಪ್ಪೆಸಮೇತ ನುಂಗಿತು. ಆಮೇಲೆ ಆಚೆ ದಡದ ಹಸಿರು ಹುಲ್ಲು ಕಂಡಿತೋ ಏನೋ, ಒಮ್ಮೆಲೇ ನುಗ್ಗಿತು. ಅತ್ತೆ ಉಣ್ಣೆ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮೂವರೂ ನೇರ ಧಾರೆಯ ಕೆಳಗೆ ಹೋಗಿ ನಿಂತೆವು.

ಉಸಿರು ಸಿಕ್ಕಿದ ಕೂಡಲೇ ಅತ್ತೆಯ ಪಾದ ನೋಡಿದೆ. ಎರಡೂ ಚಪ್ಪಟೆ ಬಂಡೆಯ ಮೇಲೆ ಭದ್ರವಾಗಿದ್ದವು. ಅವರು ಕೈಮುಗಿದು ನಗುತ್ತಿದ್ದರು. ಟಗರು ಮೈ ಕೊಡವಿ ಹುಲ್ಲಿನ ಕಡೆ ಹೋಯಿತು. ನಮ್ಮಿಬ್ಬರ ನಡುವೆ ಈಗ ಉಣ್ಣೆಯೇ ಇರಲಿಲ್ಲ.

"ಇನ್ನ ವಾಪಸ್ ಹೆಂಗ, ಅತ್ಯಾ?"

ಅತ್ತೆ ನನ್ನನ್ನು ನೆತ್ತಿಯಿಂದ ಕಾಲಿನವರೆಗೆ ನೋಡಿದರು. ನನ್ನ ಸೀರೆಯಿಂದ ಹಳ್ಳಕ್ಕೆ ಇನ್ನೊಂದು ಧಾರೆ ಸೇರುತ್ತಿತ್ತು.

"ನಿನಗೂ ಸ್ನಾನ ಆತಲ್ಲ. ಕೈ ಕೊಡು."

ಕೊಟ್ಟೆ. ಬಳೆಗಳು ಚರ್ಮಕ್ಕೆ ಒತ್ತುವಷ್ಟು ಬಿಗಿಯಾಗಿ ಹಿಡಿದರು.

"ಅಮ್ಮಾರೆ, ನನ್ನ ಟಗರು ಅಲ್ಲೇ ಉಳೀತಲ್ರಿ" ಎಂದು ಉಚ್ಚೀರಪ್ಪ ಈಚೆ ದಡದಿಂದ ಕೂಗಿದ.

"ಅದಕ್ಕ ನಾಕು ಕಾಲು ಅವ, ತಾನ ಬರ್ತದ" ಎಂದ ಅತ್ತೆ, ನನ್ನ ಕೈಮೇಲೆ ಭಾರ ಬಿಟ್ಟು ಮುಂದಿನ ಕಲ್ಲಿಗೆ ಕಾಲಿಟ್ಟರು.